ದಿಂಬಿನ ಮೇಲಿಂದ ನೋಡಿದರೆ

ಹೊರದೇಶದಿಂದ ಇನ್ನೊಬ್ಬಳು ಟ್ರೈನಿ ಬರುತ್ತಾಳೆ, ಕೆಲಸ ಕಲಿಸಬೇಕು ಎಂದು ಯಜಮಾನರು ಹೇಳಿದಾಗ ನಾನು ಕೇಳಿದ್ದು ಒಂದೇ ಮಾತು. ಇವಳಾದರೂ ಪೂರ್ತಿ ವರ್ಷ ನಿಲ್ಲುತ್ತಾಳೋ, ಇವಳೂ ಅರ್ಧದಲ್ಲೇ ಗಂಟುಮೂಟೆ ಕಟ್ಟುತ್ತಾಳೋ? ಯಜಮಾನರು ನಕ್ಕರು. ಅವರ ಮಾತು ಯಾವಾಗಲೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಎಲ್ಲಾ ನಿಮ್ಮ ಕೈಯಲ್ಲಿದೆ, ನೀವು ಕಲಿಸಿದ ಹಾಗೆ ಎಂದರು. ಹೊಗಳುತ್ತಿದ್ದಾರೆ ಅಂದುಕೊಂಡು ಹಿಗ್ಗಿಹೋದೆ. ನನ್ನ ಬುದ್ಧಿಗೆ ಅಷ್ಟು ಮಂಕು ಬಡಿದಿತ್ತು.

ನಾನು ಆ ಹೋಟೆಲಿನ ಕೋಣೆಗಳ ಮೇಲ್ವಿಚಾರಕಿ. ಹೆಸರಿಗೆ ಮೇಲ್ವಿಚಾರಕಿ, ಕೈಯಲ್ಲಿ ಪೊರಕೆ. ದೊಡ್ಡ ಹೋಟೆಲುಗಳಲ್ಲಿ ಹಾಸಿಗೆಗೊಬ್ಬರು, ಬಚ್ಚಲಿಗೊಬ್ಬರು, ಹೂದಾನಿಗೊಬ್ಬರು ಇರುತ್ತಾರಂತೆ. ನಮ್ಮದು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಮೂರು ಮಹಡಿಯ ಕಟ್ಟಡ. ಲಿಫ್ಟು ಇದೆ, ಅದಕ್ಕೆ ಮನಸ್ಸು ಬಂದಾಗ ಮೇಲೆ ಹೋಗುತ್ತದೆ. ಊರಿನ ಹುಡುಗಿಯರು ಕೆಲಸಕ್ಕೆ ಬರುತ್ತಿದ್ದರು, ಒಂದು ವಾರ ಹಾಸಿಗೆ ಎತ್ತಿ ಹಾಕಿ ಸೊಂಟ ಹಿಡಿದುಕೊಂಡು, ಮರುವಾರ ಬಟ್ಟೆ ಅಂಗಡಿಗೆ ಸೇರಿಬಿಡುತ್ತಿದ್ದರು. ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ನನಗೂ ಆ ವಯಸ್ಸಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಹಾಗೆ ಕೈಕಟ್ಟಿ ಕೂತಿದ್ದಾಗ ಯಜಮಾನರಿಗೆ ಒಂದು ಏಜೆನ್ಸಿ ಸಿಕ್ಕಿತು. ಬೇರೆ ದೇಶಗಳಲ್ಲಿ ಹೋಟೆಲ್ ಕೆಲಸ ಓದುವವರನ್ನು ಒಂದು ವರ್ಷದ ತರಬೇತಿಗೆ ಕಳಿಸಿಕೊಡುವ ಏಜೆನ್ಸಿ. ಮೊದಲ ಅರ್ಧ ವರ್ಷ ಕೋಣೆಗಳ ಕೆಲಸ, ಉಳಿದರ್ಧ ರಿಸೆಪ್ಷನ್. ಎರಡೂ ಮುಗಿದರೆ ಅವರ ಕಾಲೇಜಿನವರು ಪಾಸು ಮಾಡುತ್ತಾರೆ, ಒಂದೇ ಮುಗಿದರೆ ಇಲ್ಲ. ಯಜಮಾನರು ಬಾಗಿಲ ಪಕ್ಕದ ಗೋಡೆಯ ಮೇಲೆ ಅವರ ಫೋಟೋ ಹಾಕಿ ಕೆಳಗೆ 'ಅಂತರರಾಷ್ಟ್ರೀಯ ಸಿಬ್ಬಂದಿ' ಎಂದು ಬರೆಸಿದರು. ಬಿಸಿನೀರು ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ತಣ್ಣಗಾಗುತ್ತದೆ, ಗೋಡೆಯ ಮೇಲೆ ಮಾತ್ರ ಅಂತರರಾಷ್ಟ್ರ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ.

ಮೊದಲು ಬಂದವನು ಒಬ್ಬ ಉದ್ದನೆಯ ಹುಡುಗ. ಎಲ್ಲರೂ ಏಣಿ ಎನ್ನುತ್ತಿದ್ದೆವು. ಅವನಿದ್ದಷ್ಟು ದಿನ ಪರದೆ ಇಳಿಸಲು ನಾವ್ಯಾರೂ ಸ್ಟೂಲು ಹತ್ತಲಿಲ್ಲ. ರಿಸೆಪ್ಷನ್ನಿಗೆ ಹೋಗಬೇಕಾದ ಹೊತ್ತಿಗೆ ಒಂದು ಕೈತೊಳೆಯುವ ಬೇಸಿನ್ ಒಡೆದ ಎಂದು ಕಳಿಸಿಬಿಟ್ಟರು. ಆಮೇಲೆ ಬಂದವಳಿಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಮೇಲೆ ಅತಿಥಿಯೊಬ್ಬರು ದೂರು ಕೊಟ್ಟರಂತೆ, ಅವಳೂ ಹೋದಳು. ನಾನು ಎರಡನ್ನೂ ನಂಬಿದೆ. ಅಯ್ಯೋ ಪಾಪ, ಇನ್ನೊಂದಿಷ್ಟು ದಿನ ಸುಮ್ಮನೆ ಇರಬಾರದಿತ್ತೇ ಎಂದು ಮರುಗಿ, ಮುಂದಿನವರಿಗಾಗಿ ಹೊಸ ಪೊರಕೆ ತರಿಸಿದೆ.

ಅಷ್ಟರಲ್ಲಿ ರಿಸೆಪ್ಷನ್ ಕುರ್ಚಿ ಖಾಲಿ ಬಿದ್ದಿತ್ತು ಎಂದುಕೊಳ್ಳಬೇಡಿ. ಯಜಮಾನರ ಭಾವಮೈದ, ಹೆಂಡತಿಯ ತಮ್ಮ, ಅಲ್ಲೇ ಅಂಟಿಕೊಂಡಿದ್ದ. ಬಂದವರು ಗಂಟೆ ಬಾರಿಸಿದರೆ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಮುಗಿಸಿಕೊಂಡೇ ತಲೆ ಎತ್ತುವ ಪುಣ್ಯಾತ್ಮ. ಒಂದು ಸಲ ಗಂಡಹೆಂಡಿರಿಗೆ ಬೇರೆ ಬೇರೆ ಮಹಡಿಯಲ್ಲಿ ಕೋಣೆ ಕೊಟ್ಟು, ಆ ಹೆಂಗಸು ಬಂದು ನಿಮಗೆ ಯಾರು ಹೇಳಿದರು ನಮ್ಮ ಮನೆ ವಿಷಯ ಎಂದು ಕೇಳಿದ್ದಳು.

ಮೂರನೆಯವಳು ಬಂದದ್ದು ತನಗಿಂತ ದೊಡ್ಡ ಚೀಲ ಎಳೆದುಕೊಂಡು. ಸಣ್ಣ ಮೈ, ಅಗಲ ಹಣೆ, ನಮ್ಮ ಮಾತು ಅಷ್ಟಕ್ಕಷ್ಟೇ. ಮೊದಲು ಕಲಿತ ಮಾತು 'ಸರಿಯಾ'. ದಿಂಬಿಗೆ ಗವಸು ತೊಡಿಸಿ ಸರಿಯಾ, ಬಚ್ಚಲು ಉಜ್ಜಿ ಸರಿಯಾ, ಕಸದ ಬುಟ್ಟಿ ಮಗುಚಿ ಸರಿಯಾ. ಅಡುಗೆಯವನು ಅವಳಿಗೆ ಅದೇ ಹೆಸರಿಟ್ಟ. ಸರಿಯಾ ಎಂದು ಕೂಗಿದರೆ ಓಡಿಬರುತ್ತಿದ್ದಳು, ನಗುತ್ತಲೂ ಇದ್ದಳು.

ಹೊದಿಕೆ ಮಡಚುವ ಕೆಲಸಕ್ಕೆ ಇಬ್ಬರು ಬೇಕು. ಎದುರುಬದುರು ನಿಂತು ತುದಿ ಹಿಡಿದು ಹತ್ತಿರ ಬಂದು, ಮತ್ತೆ ದೂರ ಸರಿದು ಮಡಚುವಾಗ ಯಾರ ಬಾಯಿಯೂ ಸುಮ್ಮನಿರುವುದಿಲ್ಲ. ಅವಳು ತನ್ನ ಕಥೆ ಹೇಳಿದ್ದು ಹಾಗೇ. ಅವಳ ಊರಿನಲ್ಲಿ ಸಮುದ್ರದ ಪಕ್ಕ ದೊಡ್ಡ ಹೋಟೆಲು. ಅವಳ ತಾಯಿ ಅಲ್ಲಿ ಪಾತ್ರೆ ತೊಳೆಯುವವಳು. ಇಷ್ಟು ವರ್ಷ ದುಡಿದರೂ ಮುಂಬಾಗಿಲಿಂದ ಒಳಗೆ ಕಾಲಿಟ್ಟವಳಲ್ಲ, ಕೆಲಸದವರಿಗೆ ಹಿಂದೆ ಬೇರೆ ಬಾಗಿಲು. ಮಗಳು ಪಾಸಾದರೆ ಅದೇ ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೆಲಸ ಕೊಡುವುದಾಗಿ ಅಲ್ಲಿಯವರು ಹೇಳಿದ್ದಾರೆ.

“ಅಮ್ಮ ಹಿಂದಿನ ಬಾಗಿಲು,” ಎಂದಳು, ಹೊದಿಕೆಯ ತುದಿ ನನ್ನ ಕೈಗೆ ಕೊಡುತ್ತಾ. “ನಾನು ಮುಂದಿನ ಬಾಗಿಲು. ನಾನೇ ಬಾಗಿಲು ತೆಗೆದು ಅಮ್ಮನ್ನ ಒಳಗೆ ಕರೀತೀನಿ.”

ಅದನ್ನು ಕೇಳಿದ ಮೇಲೆ ನನಗೊಂದು ಹಟ ಹುಟ್ಟಿತು. ಏಣಿ ಬೇಸಿನ್ ಒಡೆದ, ಕೋಪದವಳು ಬಾಯಿ ಹರಿಬಿಟ್ಟಳು, ಇವಳು ಮಾತ್ರ ಏನೂ ತಪ್ಪು ಮಾಡದ ಹಾಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ ಎಂದುಕೊಂಡೆ. ಬೇಸಿನ್ ಉಜ್ಜುವಾಗ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಅತಿಥಿಗಳ ವಸ್ತು ಮುಟ್ಟುವ ಮೊದಲು ನನ್ನನ್ನು ಕರೆ ಎಂದಿದ್ದೆ. ಜಗಳಗಂಟ ಅತಿಥಿ ಬಂದರೆ ಆ ಕೋಣೆ ನಾನೇ ಮಾಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೂ ಇಷ್ಟು ಕಾಯಲಿಲ್ಲ, ಅವನು ಅದಕ್ಕೇ ಹಾಗಾದ, ಆ ಮಾತು ಬಿಡಿ.

ಕೆಲಸವನ್ನೂ ಪೂರ್ತಿ ಕಲಿಸಿದೆ, ದೊಡ್ಡಮ್ಮನವರು ನನಗೆ ಕಲಿಸಿದ ಹಾಗೇ. ದೊಡ್ಡಮ್ಮ ಎಂದರೆ ಯಜಮಾನರ ತಾಯಿ. ಗಂಡ ಸತ್ತ ಮೇಲೆ ಕೈಕೂಸನ್ನು ಕಂಕುಳಲ್ಲಿಟ್ಟುಕೊಂಡು ಈ ಹೋಟೆಲು ಶುರು ಮಾಡಿದವರು ಅವರೇ. ಈಗ ವಯಸ್ಸಾಗಿ ಕೆಳಗಿನ ಮಹಡಿಯ ಕೊನೆಯ ಕೋಣೆಯಲ್ಲಿರುತ್ತಾರೆ. ಅವರ ಕಾಲದಿಂದ ನಮ್ಮಲ್ಲಿ ಒಂದು ಪದ್ಧತಿ. ಕೋಣೆಯ ಕೆಲಸವೆಲ್ಲ ಮುಗಿದ ಮೇಲೆ ಬಾಗಿಲು ಹಾಕಿಕೊಂಡು, ಚಪ್ಪಲಿ ಬಿಚ್ಚಿ, ಹಾಸಿಗೆಯ ಮೇಲೆ ಒಗೆದ ಬಟ್ಟೆಯೊಂದನ್ನು ಹರಡಿ, ಅದರ ಮೇಲೆ ಅಂಗಾತ ಮಲಗಿ ಸುತ್ತಲೂ ನೋಡಬೇಕು. “ನಿಂತು ನೋಡಿದ್ರೆ ಕೆಲಸದವಳ ಕಣ್ಣು, ಮಲಗಿ ನೋಡಿದ್ರೆ ಬಂದವರ ಕಣ್ಣು,” ಎನ್ನುತ್ತಿದ್ದರು ದೊಡ್ಡಮ್ಮ. ಮಾತು ನಿಜ. ನಿಂತಾಗ ಕಾಣದ ಜೇಡರ ಬಲೆ ದಿಂಬಿನ ಮೇಲೆ ತಲೆ ಇಟ್ಟರೆ ಕಾಣುತ್ತದೆ. ಫ್ಯಾನಿನ ರೆಕ್ಕೆಯ ಧೂಳು, ಕಣ್ಣಿಗೆ ಚುಚ್ಚುವ ಬಲ್ಬು, ಬೀದಿದೀಪದ ಬೆಳಕು ನುಗ್ಗುವ ಪರದೆಯ ಸಂದು, ಎಲ್ಲಾ ಅಲ್ಲಿಂದಲೇ. ಅವರು ಮೈ ಬಗ್ಗದ ದಿನಗಳಲ್ಲಿ ಮಗನನ್ನೇ ಮಲಗಿಸಿ, ಏನು ಕಾಣುತ್ತೋ ಹೇಳೋ ಎನ್ನುತ್ತಿದ್ದರಂತೆ. ಮಗ ಅಲ್ಲೇ ನಿದ್ದೆ ಹೋಗುತ್ತಿದ್ದನಂತೆ. ಇದನ್ನು ಯಜಮಾನರ ಎದುರಿಗೇ ಎಷ್ಟು ಸಲ ಹೇಳಿ ನಗಿಸಿದ್ದಾರೋ ಲೆಕ್ಕವಿಲ್ಲ.

ಸರಿಯಾಳಿಗೆ ಈ ಕೆಲಸ ತುಂಬಾ ಹಿಡಿಸಿತು. ಮೊದಲ ದಿನ ಮಲಗಿದವಳು ತಟ್ಟನೆ ಕೈ ಎತ್ತಿ ತೋರಿಸಿದಳು. ಫ್ಯಾನಿನ ನಡುವಿನ ಬಟ್ಟಲಲ್ಲಿ ಯಾರದೋ ಕಾಲುಚೀಲ. ಯಾವ ಭೂಪ ಅದನ್ನು ಅಲ್ಲಿಗೆ ಎಸೆದನೋ, ಎಷ್ಟು ಅತಿಥಿಗಳು ಅದರ ಕೆಳಗೆ ಮಲಗಿ ಹೋದರೋ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ರಿಸೆಪ್ಷನ್ ಕೆಲಸ ಕಲಿಸುವುದು ಭಾವಮೈದನ ಜವಾಬ್ದಾರಿ. ಅವನು ಕಲಿಸುವುದಿರಲಿ, ಕಲಿಯುವುದೇ ಬಾಕಿ ಇತ್ತು. ಹಾಗಾಗಿ ಊಟದ ಬಿಡುವಿನಲ್ಲಿ ಇಸ್ತ್ರಿ ಕೋಣೆಯಲ್ಲೇ ಪಾಠ ಶುರು ಮಾಡಿದೆವು. ಇಸ್ತ್ರಿ ಮೇಜೇ ರಿಸೆಪ್ಷನ್. ನಾನು ಸಿಡುಕಿನ ಅತಿಥಿ, ಇನ್ನೊಂದು ದಿಂಬು ಬೇಕು, ಪಕ್ಕದ ಕೋಣೆಯವನ ಗೊರಕೆ ನಿಲ್ಲಿಸು ಎನ್ನುತ್ತಿದ್ದೆ. ಇಸ್ತ್ರಿ ಮಾಡುವ ಮುದುಕನನ್ನು ಎಲ್ಲರೂ ಮಾವ ಎನ್ನುತ್ತೇವೆ. ಮಾವನಿಗೆ ಹೊಸದಾಗಿ ಮದುವೆಯಾದವನ ಪಾತ್ರ. ಜೋಡಿ ಕೋಣೆ ಬೇಕು ಎಂದು ನುಲಿಯುತ್ತಾ ಬಂದ. ಹೆಂಡತಿಯವರು ಎಲ್ಲಿ ಸರ್ ಎಂದು ಅವಳು ಮುಖ ಗಂಭೀರ ಮಾಡಿಕೊಂಡು ಕೇಳಿದಳು. ಈಗಷ್ಟೇ ಓಡಿಹೋದಳು, ಒಂಟಿ ಕೋಣೆಯೇ ಇರಲಿ ಎಂದ ಮಾವ. ಆಗಲಿ ಸರ್, ಕಿಟಕಿಯಿಂದ ಬಸ್ ನಿಲ್ದಾಣ ಕಾಣುವ ಕೋಣೆ ಕೊಡುತ್ತೇನೆ, ವಾಪಸ್ ಬಂದರೆ ಗೊತ್ತಾಗುತ್ತದೆ ಎಂದಳು ಸರಿಯಾ. ಮಾವ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅವಳಿಗೆ ಕೈಮುಗಿದ. ಆ ಹುಡುಗಿ ಯಾವ ಹೋಟೆಲಿನ ರಿಸೆಪ್ಷನ್ನಿನಲ್ಲಿ ಬೇಕಾದರೂ ನಿಲ್ಲಬಹುದಿತ್ತು.

ಅರ್ಧ ವರ್ಷ ಮುಗಿಯುತ್ತಾ ಬಂತು. ಯಾರೂ ಬೆರಳು ತೋರಿಸುವ ಹಾಗೆ ಒಂದು ತಪ್ಪಿಲ್ಲ. ಬರುವ ವಾರದಿಂದ ನೀನು ಕೆಳಗೆ ಎಂದು ಯಜಮಾನರೇ ಬಾಯಿಬಿಟ್ಟು ಹೇಳಿದರು. ರಿಸೆಪ್ಷನ್ನಿನವರ ನೀಲಿ ಕೋಟು ಅವಳಿಗೆ ದೊಗಳೆ ಆಗುತ್ತಿತ್ತು. ಮಾವ ಅದರ ತೋಳು ಗಿಡ್ಡ ಮಾಡಿ, ಹೊಲಿಗೆ ಒಳಗೆ ಹಿಡಿದು, ಇಸ್ತ್ರಿ ಹಾಕಿ ಕೊಟ್ಟ. ಅದನ್ನು ಹಾಕಿಕೊಂಡು ಫೋಟೋ ತೆಗೆಸಿ ಅಮ್ಮನಿಗೆ ಕಳಿಸಿದಳು.

ಆ ವಾರವೇ, ಮಧ್ಯಾಹ್ನದ ಹೊತ್ತು. ಪ್ರವಾಸಕ್ಕೆ ಜನ ಕರೆತರುವ ಕಂಪನಿಯವರು ಇಬ್ಬರು ಕೋಣೆ ನೋಡಲು ಬಂದಿದ್ದರು. ಎರಡನೇ ಮಹಡಿಯ ಮೂಲೆಯ ಕೋಣೆ ತಯಾರಾ ಎಂದು ಯಜಮಾನರು ಕೆಳಗಿನಿಂದ ಫೋನ್ ಮಾಡಿ ಕೇಳಿದರು. ಎಲ್ಲಾ ಆಗಿದೆ, ಹುಡುಗಿ ಕೊನೆಯ ನೋಟ ನೋಡುತ್ತಿದ್ದಾಳೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದೆ. ಕೊನೆಯ ನೋಟ ಎಂದರೆ ಮಲಗಿ ನೋಡುವುದು ಎಂದು ಆ ಹೋಟೆಲಿನ ಬೆಕ್ಕಿಗೂ ಗೊತ್ತು. ಸರಿ ಎಂದು ಫೋನ್ ಇಟ್ಟರು. ಇಟ್ಟವರು ಆ ಇಬ್ಬರನ್ನೂ ಕರೆದುಕೊಂಡು ನೇರ ಮೇಲೆ ಬಂದರು. ಬಾಗಿಲು ತಟ್ಟದೆ ಯಾವ ಕೋಣೆಗೂ ಹೋಗಬಾರದು ಎನ್ನುವುದು ನಮ್ಮಲ್ಲಿ ಮೊದಲ ದಿನದ ಪಾಠ. ಯಜಮಾನರು ತಟ್ಟಲಿಲ್ಲ, ತಮ್ಮ ಕೀಲಿಯಿಂದ ತೆರೆದರು.

ನಾನು ಪಕ್ಕದ ಕೋಣೆಯಿಂದ ಓಡಿ ಬರುವಷ್ಟರಲ್ಲಿ ಸರಿಯಾ ಹಾಸಿಗೆಯ ಪಕ್ಕ ಬರಿಗಾಲಲ್ಲಿ ನಿಂತಿದ್ದಳು, ಒಗೆದ ಬಟ್ಟೆಯನ್ನು ಎದೆಗೆ ಅವುಚಿಕೊಂಡು. ಯಜಮಾನರು ಬಂದವರ ಕ್ಷಮೆ ಕೇಳುತ್ತಿದ್ದರು. ತರಬೇತಿಗೆ ಬಂದವಳು, ಶಿಸ್ತು ಕಮ್ಮಿ, ಅತಿಥಿಗಳ ಹಾಸಿಗೆಯಲ್ಲೇ ನಿದ್ದೆ ಹೊಡೆಯುತ್ತಾಳೆ, ಇವತ್ತೇ ಕ್ರಮ ತೆಗೆದುಕೊಳ್ಳುತ್ತೇನೆ. ನಾನು ಬಾಯಿ ತೆರೆದೆ. ಅಂಗೈ ಅಡ್ಡ ಹಿಡಿದು, ಆಮೇಲೆ ಎಂದರು.

ಆಮೇಲೆ ಅವರ ಕೋಣೆಗೆ ಹೋದೆ. ಇದು ನಾನು ಕಲಿಸಿದ್ದು, ನನಗೆ ನಿಮ್ಮ ತಾಯಿ ಕಲಿಸಿದ್ದು, ನೀವೇ ಚಿಕ್ಕವರಾಗಿದ್ದಾಗ ಮಲಗಿ ನೋಡಿದ ಹಾಸಿಗೆಗಳು ಇವು, ಇದೇನು ಹೊಸದಾಗಿ ಕಂಡವರ ಹಾಗೆ ಮಾತಾಡುತ್ತಿದ್ದೀರಿ ಎಂದೆ. ಅವರು ಕಾಗದ ಸರಿಪಡಿಸುತ್ತಾ ಕೂತಿದ್ದರು.

“ಗೊತ್ತಿರೋದನ್ನೆಲ್ಲ ಹೇಳ್ಕೊಂಡು ಹೋಟೆಲ್ ನಡೆಸೋಕಾಗಲ್ಲ,” ಎಂದರು. “ಅವಳು ಕೆಳಗೆ ಕೂತ್ರೆ ಮೇಲಿನ ಮಹಡಿ ಯಾರು ಮಾಡ್ತಾರೆ? ನೀವೊಬ್ರೇ ಮಾಡ್ತೀರಾ?”

ಆಗ ನನ್ನ ಮಂಡೆಗೆ ಹೊಳೆಯಿತು. ಅರ್ಧ ವರ್ಷಕ್ಕೆ ಒಬ್ಬರನ್ನು ಕಳಿಸಿದರೆ ಏಜೆನ್ಸಿಯವರು ತಿಂಗಳೊಳಗೆ ಇನ್ನೊಬ್ಬರನ್ನು ಕೊಡುತ್ತಾರೆ, ಬಂದವರು ಮತ್ತೆ ಕೋಣೆಗಳಿಂದಲೇ ಶುರು ಮಾಡಬೇಕು. ಭಾವಮೈದನ ಕುರ್ಚಿಗೂ ಕುತ್ತಿಲ್ಲ, ಪೊರಕೆಗೂ ಕೈಗಳ ಬರವಿಲ್ಲ. ಏಣಿ ಒಡೆದ ಆ ಬೇಸಿನ್ ಅವನು ಬರುವ ಮೊದಲೇ ಬಿರುಕು ಬಿಟ್ಟಿತ್ತು, ನಲ್ಲಿ ರಿಪೇರಿಯವನು ನನ್ನ ಕಣ್ಣೆದುರಿಗೇ ಅದಕ್ಕೆ ಅಂಟು ಹಚ್ಚಿದ್ದ. ಕೋಪದವಳ ಮೇಲೆ ದೂರು ಕೊಟ್ಟ ಅತಿಥಿಯನ್ನು ನಾವ್ಯಾರೂ ನೋಡಿರಲಿಲ್ಲ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆಗಳನ್ನು ವಿಮಾನದಲ್ಲಿ ತರಿಸುತ್ತಿದ್ದರು.

ಮರುದಿನ ಏಜೆನ್ಸಿಯವನು ಬಂದ. ಕೆಟ್ಟವನೇನಲ್ಲ, ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿ. ಯಜಮಾನರು ಹೇಳಿದ್ದನ್ನೂ ಕೇಳಿದ, ನಾನು ಹೇಳಿದ್ದನ್ನೂ ಕೇಳಿದ. ನಮ್ಮ ಮೇಲ್ವಿಚಾರಕಿಗೆ ಹುಡುಗಿಯ ಮೇಲೆ ಪ್ರೀತಿ, ತಾಯಿಕರುಳು, ಅದಕ್ಕೇ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾರೆ ಎಂದು ಯಜಮಾನರು ನನ್ನನ್ನು ಹೊಗಳಿಯೇ ನನ್ನ ಮಾತನ್ನು ಮುರಿದರು. ಏಜೆನ್ಸಿಯವನು ಸ್ವಲ್ಪ ಯೋಚಿಸಿ, ನಿಜವಾಗಿಯೂ ಅದು ಈ ಮನೆಯ ಪದ್ಧತಿಯಾಗಿದ್ದರೆ ಹುಡುಗಿಯ ತಪ್ಪಿಲ್ಲ, ಅವಳು ರಿಸೆಪ್ಷನ್ನಿಗೆ ಹೋಗಲೇಬೇಕು ಎಂದ. ಆದರೆ ಮನೆಯವರು ಯಾರಾದರೂ ಹೇಳಬೇಕಲ್ಲ ಎಂದ.

ಮನೆಯವರು ಇದ್ದಾರೆ, ಈಗಲೇ ಕರೆತರುತ್ತೇನೆ ಎಂದು ನಾನು ದಡದಡ ಕೊನೆಯ ಕೋಣೆಗೆ ಹೋದೆ. ದೊಡ್ಡಮ್ಮ ಕಿಟಕಿಯ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಎಲ್ಲಾ ಹೇಳಿದೆ. ಆ ಹುಡುಗಿಯ ತಾಯಿಯ ವಿಷಯವನ್ನೂ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಪಾಪ ಕಣೇ, ನಾನು ಕಲಿಸಿದ್ದಕ್ಕೆ ಆ ಕೂಸಿಗೆ ಶಿಕ್ಷೆಯಾ, ನಡಿ ಬರುತ್ತೇನೆ ಎಂದರು. ಒಳ್ಳೆಯ ಶಾಲು ಹೊದ್ದುಕೊಂಡರು. ನನ್ನ ತೋಳು ಹಿಡಿದುಕೊಂಡು, ಕೋಲು ಊರುತ್ತಾ ಬಂದರು. ಆ ಮೊಗಸಾಲೆಯಲ್ಲಿ ನಡೆಯುವಾಗ, ಸತ್ಯಕ್ಕೆ ಇನ್ನೂ ಕಾಲಿದೆ, ಮೆಲ್ಲಗಾದರೂ ನಡೆಯುತ್ತದೆ ಎಂದುಕೊಂಡೆ. ನನ್ನ ತಲೆ.

ಯಜಮಾನರ ಕೋಣೆಯಲ್ಲಿ ಸರಿಯಾ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು. ದೊಡ್ಡಮ್ಮನನ್ನು ನೋಡಿ ಅವಳ ಮುಖ ಅರಳಿತು. ಯಜಮಾನರು ಎದ್ದು ತಾಯಿಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಏಜೆನ್ಸಿಯವನು ಮರ್ಯಾದೆಯಿಂದಲೇ ಕೇಳಿದ: ಕೋಣೆ ತಯಾರಾದ ಮೇಲೆ ಹಾಸಿಗೆಯ ಮೇಲೆ ಮಲಗಿ ನೋಡುವ ಪದ್ಧತಿ ಇಲ್ಲಿ ಇದೆಯೇ ಅಮ್ಮಾ?

ದೊಡ್ಡಮ್ಮ ಅವನನ್ನು ನೋಡಲಿಲ್ಲ. ಮಗನನ್ನು ನೋಡಿದರು. ಮಗ ಕಣ್ಣು ಕೂಡ ಕೆಕ್ಕರಿಸಲಿಲ್ಲ, ತಾಯಿಯ ಶಾಲು ಭುಜದಿಂದ ಜಾರಿದ್ದನ್ನು ಮೇಲಕ್ಕೆ ಎಳೆದು ಹೊದಿಸಿದರು ಅಷ್ಟೇ.

“ಬಂದೋರ ಹಾಸಿಗೇಲಿ ಕೆಲಸದೋರು ಮಲಗೋದಾ? ಛೆ,” ಎಂದರು ದೊಡ್ಡಮ್ಮ. “ನನ್ನ ಕಾಲದಲ್ಲಿ ಅಂಥದ್ದೆಲ್ಲ ಇರ್ಲಿಲ್ಲಪ್ಪ.”

ಅಲ್ಲಿಗೆ ಮುಗಿಯಿತು. ಏಜೆನ್ಸಿಯವನು ಪೆನ್ನು ಮುಚ್ಚಿದ. ಸರಿಯಾಳಿಗೆ ಮಾತು ಪೂರ್ತಿ ಅರ್ಥವಾಗಲಿಲ್ಲ ಅನಿಸುತ್ತದೆ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಕೊನೆಗೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು.

ನಾನು ದೊಡ್ಡಮ್ಮನನ್ನು ಅವರ ಕೋಣೆಗೆ ವಾಪಸು ಕರೆದುಕೊಂಡು ಹೋದೆ. ಬಾಗಿಲು ಹಾಕಿದವಳೇ, ಯಾಕಮ್ಮಾ ಹೀಗೆ ಮಾಡಿದಿರಿ, ನಿಮ್ಮ ನಾಲಿಗೆ ಹೇಗೆ ಹೊರಳಿತು ಎಂದು ಕೇಳಿದೆ. ದನಿ ಎತ್ತರಿಸಿಯೇ ಕೇಳಿದೆ, ಅವರು ಯಜಮಾನರ ತಾಯಿ ಎನ್ನುವುದೂ ನೆನಪಿರಲಿಲ್ಲ. ಹೆತ್ತವಳಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಿಮ್ಮ ಹೆಗ್ಗಣ ಆ ಕೂಸನ್ನು ಬುಡಸಮೇತ ತಿಂದುಹಾಕಿತು ಎಂದೂ ಅಂದೆ.

ಅವರು ಶಾಲು ಮಡಚುತ್ತಿದ್ದರು. ಸಿಟ್ಟಾಗಲಿಲ್ಲ.

“ಇದೂ ಒಂದು ಕೋಣೆ ಕಣೇ,” ಎಂದರು. “ಬಾಡಿಗೆಗೆ ಕೊಟ್ರೆ ದಿನಾ ಜನ ಬರ್ತಾರೆ ಅಂತ ಅವನು ಆಗ್ಲೇ ಒಂದೆರಡು ಸಲ ಅಂದಿದ್ದಾನೆ. ಆ ಹುಡುಗಿ ಇವತ್ತಲ್ಲ ನಾಳೆ ತನ್ನೂರಿಗೆ ಹೋಗೋಳು. ನಾನೆಲ್ಲಿಗೆ ಹೋಗ್ಲಿ?”

ಮುದ್ದಲ್ಲ, ಹೆದರಿಕೆ. ಸ್ವಂತ ಕೈಯಲ್ಲಿ ಕಟ್ಟಿದ ಹೋಟೆಲಿನಲ್ಲಿ ಆ ಹೆಂಗಸು ಕೂಡ ಯಾವಾಗ ಖಾಲಿ ಮಾಡಿಸುತ್ತಾರೋ ಎಂದು ನಡುಗುತ್ತಾ ಬದುಕುತ್ತಿದ್ದರು. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ನನ್ನ ಬಾಯಲ್ಲೇ ಉಳಿಯಿತು. ಕ್ಷಮಿಸಿದೆ ಎಂದುಕೊಳ್ಳಬೇಡಿ, ಇವತ್ತಿಗೂ ಕ್ಷಮಿಸಿಲ್ಲ.

ಸರಿಯಾ ಚೀಲ ತುಂಬುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರಿಗೆಲ್ಲ ಹೇಳುತ್ತೇವೆ, ಎದುರಿಗೆ ಕೂತವಳಿಗೆ ಹೇಗೆ ಹೇಳುವುದು? ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ನೀಲಿ ಕೋಟನ್ನು ಹ್ಯಾಂಗರಿಗೆ ಹಾಕಿ, ಗುಂಡಿ ಹಾಕಿ, ಬಾಗಿಲ ಹಿಂದೆ ನೇತುಹಾಕಿದಳು.

“ಮಲಗಿದ್ದು ತಪ್ಪಾ ಅಕ್ಕ?” ಎಂದು ಕೇಳಿದಳು.

ಇಲ್ಲ ಎಂದೆ.

“ಅಮ್ಮ ಫೋಟೋ ಎಲ್ಲರಿಗೂ ತೋರಿಸಿದ್ದಾಳೆ. ಅಡುಗೆಮನೆಯವರಿಗೆ, ಬಾಗಿಲಿನವನಿಗೆ. ಈಗ ಅಮ್ಮನಿಗೆ ಏನು ಹೇಳ್ಲಿ?”

ಮಾವ ಬಂದು ಅವಳ ಚೀಲ ಬಸ್ ನಿಲ್ದಾಣದವರೆಗೂ ಹೊತ್ತುಕೊಂಡು ಹೋದ. ಭಾವಮೈದ ಮೊಬೈಲಿನಿಂದ ತಲೆ ಎತ್ತದೆ ಕೈ ಬೀಸಿದ.

ನಾನೂ ಬಿಟ್ಟುಬಿಡುತ್ತೇನೆ ಎಂದು ಅವತ್ತು ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರಿಗೆ ಮಂಡಿ ಹೋದ ಮೇಲೆ ಲಾರಿ ಓಡಿಸಲಾಗುವುದಿಲ್ಲ, ಮನೆ ನಡೆಯುವುದು ನನ್ನೊಬ್ಬಳ ದುಡಿಮೆಯಲ್ಲಿ. ಬಿಡು ಬಿಡು, ನಾಳೆಯಿಂದ ಗಾಳಿ ತಿನ್ನೋಣ, ಅದಕ್ಕೇನು ಬೇಯಿಸುವ ತಾಪತ್ರಯವೂ ಇಲ್ಲ ಎಂದರು. ನಾನು ಅವರ ಮೇಲೆ ಹರಿಹಾಯ್ದು, ಅತ್ತು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋದೆ. ಯಜಮಾನರು ಏನೂ ಆಗದವರ ಹಾಗೆ, ನಿಮ್ಮಂಥವರು ಸಿಗುವುದಿಲ್ಲ, ನೀವಿದ್ದರೆ ನನಗೆ ಯೋಚನೆಯೇ ಇಲ್ಲ ಎಂದರು. ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಆದರೆ ಒಂದು ನಿಶ್ಚಯ ಮಾಡಿದೆ. ಮುಂದೆ ಬರುವವರಿಗೆ ಹೊಸ್ತಿಲಲ್ಲೇ ಹೇಳಿಬಿಡಬೇಕು. ಕೆಲಸ ಹೋದರೆ ಹೋಗಲಿ. ತಿಳಿದೂ ತಿಳಿದೂ ಇನ್ನೊಂದು ಜೀವವನ್ನು ಈ ಮೆಟ್ಟಿಲು ಹತ್ತಿಸಲಾರೆ. ಇಲ್ಲಿ ನಿನಗೆ ಏನೂ ಸಿಗುವುದಿಲ್ಲ, ಬಂದ ಬಸ್ಸಿನಲ್ಲೇ ವಾಪಸು ಹೋಗು, ಏಜೆನ್ಸಿಯವರಿಗೆ ಬೇರೆ ಜಾಗ ಕೇಳು ಎಂದು ಹೇಳುವುದನ್ನು ಬಚ್ಚಲು ಉಜ್ಜುವಾಗಲೆಲ್ಲ ಬಾಯಿಪಾಠ ಮಾಡಿದೆ.

ಹೆಚ್ಚು ತಡವಾಗಲಿಲ್ಲ, ಒಂದು ತಿಂಗಳು ಕಳೆದಿರಬಹುದು. ಗೋಡೆಯ ಮೇಲೆ ಸರಿಯಾಳ ಫೋಟೋ ಇದ್ದ ಹಾಗೇ ಇತ್ತು, ಅದರ ಪಕ್ಕ ಇನ್ನೊಂದು ಚೌಕಟ್ಟು ಬಂತು, ಮರುದಿನವೇ ಹುಡುಗಿಯೂ ಬಂದಳು. ಗಟ್ಟಿ ಮೈ, ಅಗಲ ಭುಜ, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು, ನಮ್ಮ ಮಾತು ಚೆನ್ನಾಗಿಯೇ ಬರುತ್ತಿತ್ತು. ಯಜಮಾನರು ಅವಳನ್ನು ನನ್ನೆದುರು ನಿಲ್ಲಿಸಿ, ಇವರೇ ನಿನ್ನ ಗುರು ಎಂದು ಹೇಳಿ ಕೆಳಗೆ ಹೋದರು. ನಾನು ಅವಳ ಕೈಹಿಡಿದು ಹೊದಿಕೆಗಳನ್ನಿಡುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಬಾಯಿಪಾಠ ಮಾಡಿದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಏಣಿಯ ವಿಷಯ, ಕೋಪದವಳ ವಿಷಯ, ಸರಿಯಾಳ ವಿಷಯ. ಅರ್ಧ ವರ್ಷ ನಿನ್ನನ್ನು ಹಿಂಡಿ, ಏನಾದರೊಂದು ನೆಪ ತೆಗೆದು ಓಡಿಸುತ್ತಾರೆ, ಆ ಕುರ್ಚಿ ನಿನಗೆ ಸಿಗುವುದಿಲ್ಲ, ಈಗಲೇ ಹೊರಡು ಎಂದೆ.

ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

“ಗೊತ್ತು ಅಕ್ಕ,” ಎಂದಳು. “ಅವಳೇ ಎಲ್ಲಾ ಹೇಳಿದ್ಲು. ನಾವಿಬ್ರೂ ಒಂದೇ ಕಾಲೇಜು.”

ಸರಿಯಾ ಹೇಗಿದ್ದಾಳೆ ಎಂದು ಕೇಳಿದೆ. ಕಾಲೇಜಿನವರು ಪಾಸು ಮಾಡಲಿಲ್ಲವಂತೆ. ಸಮುದ್ರದ ಪಕ್ಕದ ಹೋಟೆಲಿನಲ್ಲೇ ಕೋಣೆಗಳ ಕೆಲಸಕ್ಕೆ ಸೇರಿದ್ದಾಳಂತೆ, ಬೆಳಗ್ಗೆ ತಾಯಿಮಗಳು 'ಹಿಂದಿನ ಬಾಗಿಲಿಂದ' ಒಟ್ಟಿಗೇ ಒಳಗೆ ಹೋಗುತ್ತಾರಂತೆ. ಅವಳ ಕೆಲಸ ನೋಡಿ ಅಲ್ಲಿಯವರಿಗೆ ಖುಷಿಯಂತೆ.

“ಇಷ್ಟೆಲ್ಲ ಗೊತ್ತಿದ್ದೂ ನೀನ್ಯಾಕೆ ಬಂದೆ?” ಎಂದು ಕೇಳಿದೆ.

“ಅವಳೇ ಹೋಗು ಅಂದ್ಲು. ರಿಸೆಪ್ಷನ್ ಆಸೆ ಬಿಟ್ಟು ಹೋಗು ಅಂದ್ಲು. ಅಲ್ಲೊಬ್ರು ಅಕ್ಕ ಇದ್ದಾರೆ, ಏನೂ ಮುಚ್ಚಿಡದೆ ಕಲಿಸ್ತಾರೆ, ಮಗಳ ಥರ ನೋಡ್ಕೋತಾರೆ, ಅವರ ಹತ್ರ ಅರ್ಧ ವರ್ಷ ಇದ್ರೂ ಸಾಕು, ಎಲ್ಲಿ ಹೋದ್ರೂ ಹೊಟ್ಟೆಪಾಡಿಗೆ ಕೆಲಸ ಸಿಗುತ್ತೆ ಅಂದ್ಲು.” ಅವಳು ನಕ್ಕಳು, ನನಗೆ ಸಂತೋಷವಾಗಲಿ ಎಂದೇ ಹೇಳುತ್ತಿದ್ದಳು. “ನಮ್ಮ ಕಾಲೇಜಲ್ಲಿ ಇನ್ನೂ ಇಬ್ರು ಇಲ್ಲಿಗೇ ಬರ್ಬೇಕು ಅಂತ ಕಾಯ್ತಿದ್ದಾರೆ. ನಿಮ್ಮ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು ಅಕ್ಕ.”

ಹೊದಿಕೆಗಳ ಕಪಾಟಿಗೆ ಒರಗಿ ನಿಂತುಬಿಟ್ಟೆ. ಯಜಮಾನರು ಗೋಡೆ ತುಂಬಾ ಫೋಟೋ ಹಾಕಿದರೂ ಬರದ ಮಕ್ಕಳು ನನ್ನನ್ನು ನಂಬಿಕೊಂಡು ಸಮುದ್ರ ದಾಟಿ ಬರುತ್ತಿದ್ದರು, ಬಂದು ಅವರ ಮೇಲಿನ ಮಹಡಿ ಗುಡಿಸಿ ಹೋಗಲು. ಇವಳಿಗೆ ಕಲಿಸಿದರೆ ಯಜಮಾನರಿಗೆ ಲಾಭ, ಮುಂದಿನವರಿಗೂ ದಾರಿ ತೋರಿಸಿದ ಹಾಗೆ. ಕಲಿಸದಿದ್ದರೆ ಇವಳ ಕೈಗೆ ಆ ಹೊಟ್ಟೆಪಾಡಿನ ಕೆಲಸವೂ ಇಲ್ಲ. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಹುಡುಗಿ ಆಗಲೇ ತೋಳು ಮಡಚಿಕೊಂಡು, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಿದ್ದಳು. ಹಾಳಾಗಿ ಹೋಗಲಿ ಎಂದು ಬೈದುಕೊಂಡು, ಹೊದಿಕೆಯ ಕಟ್ಟೊಂದನ್ನು ಅವಳ ಕೈಗೆ ಕೊಟ್ಟು, ಮೇಲಿನ ಮಹಡಿಗೆ ನಡಿ ಎಂದೆ.